ಒಬ್ಬೆ ಇಳಿಯುವವರೆಗೆ

ಆಸ್ಪತ್ರೆಯ ನೆಲ ಒರೆಸುವವಳ ಬಕೆಟ್ಟಿನ ಒಂದು ಚಕ್ರ ಕಿರುಗುಟ್ಟುತ್ತಿದೆ, ಒಂದು ತೊಟ್ಟು ಎಣ್ಣೆ ಬಿಟ್ಟರೆ ಸರಿಹೋಗುತ್ತದೆ, ತಮ್ಮ ಬೇಕರಿಯ ಟ್ರೇ ಗಾಡಿಯೂ ಹೀಗೇ ಕಿರುಗುಟ್ಟುತ್ತಿತ್ತು, ಗಂಡ ಎಣ್ಣೆ ಬಿಟ್ಟು ಬಾಯಿ ಮುಚ್ಚಿಸಿದ್ದ, ಆ ಗಂಡ ಈಗ ಈ ಗಾಜಿನ ಬಾಗಿಲಿನಾಚೆ ಮಲಗಿದ್ದಾನೆ, ಅವನ ನೀಲಿ ಅಂಗಿ ಪ್ಲಾಸ್ಟಿಕ್ ಚೀಲದಲ್ಲಿ, ಹೊರಗೆ ಬೆಂಚಿನ ಮೇಲೆ ಕಾದು ಕೂತ ಅವಳ ತೊಡೆಯ ಮೇಲಿದೆ, ಎಡಗಡೆ ಜೇಬಿನ ಮೇಲೆ ಮೈದಾ ಹಿಟ್ಟಿನ ಬಿಳಿ ಕೈಗುರುತು, ಎದೆ ಹಿಡಿದುಕೊಂಡಾಗ ಮೆತ್ತಿರಬೇಕು, ಪಾಪ. ನರ್ಸು ಸಾಲಾಗಿ ಕೇಳಿದ್ದಳು, ವಯಸ್ಸೆಷ್ಟು, ಐವತ್ತಾರು, ಸಕ್ಕರೆ ಕಾಯಿಲೆ, ಇದೆ, ಸಿಗರೇಟು, ಬಿಟ್ಟು ಎರಡು ವರ್ಷ ಆಯ್ತು, ಅಂದ್ರೆ ನನ್ನೆದುರಿಗೆ ಬಿಟ್ಟಿದಾರೆ, ಮಾತ್ರೆ ಸರಿಯಾಗಿ ತಗೊಳ್ತಾರಾ, ನಾನು ಕೈಗೆ ಕೊಟ್ರೆ ತಗೊಳ್ತಾರೆ. ನೋವು ಶುರುವಾಗಿದ್ದು ಎಷ್ಟೊತ್ತಿಗೆ? ಒಂಬತ್ತೂವರೆಗೆ. ಎಲ್ಲಕ್ಕೂ ನಿಜ ಹೇಳಿದ ನಾಲಿಗೆ ಅದೊಂದಕ್ಕೆ ಜಾರಿತು, ಜಾರುವುದೇನು ಬಂತು, ಬೇಕೆಂದೇ ಹೇಳಿದಳು — ಎಂಟೂ ಐವತ್ತು, ಗೋಡೆ ಗಡಿಯಾರ ಕಣ್ಣೆದುರಿಗೇ ಇತ್ತು, ಆಗಷ್ಟೇ ಒಬ್ಬೆ ಓವನ್ನಿಗೆ ಹೋಗಿತ್ತು, ಒಂದು ಒಬ್ಬೆಗೆ ಒಟ್ಟಿಗೇ ಮೂವತ್ತಾರು ಬ್ರೆಡ್ಡು, ಬೇಯಲು ನಲವತ್ತು ನಿಮಿಷ.

ಅರ್ಧಕ್ಕೇ ಓವನ್ ಬಾಗಿಲು ತೆಗೀಬಾರದು ಕಣೇ, ಉಬ್ಬಿದ್ದೆಲ್ಲ ಕುಸಿದುಹೋಗತ್ತೆ, ಮದುವೆಯಾದ ಹೊಸದರಲ್ಲಿ ಅವನೇ ಕಲಿಸಿದ್ದು, ಅವಳು ತಡೆಯಲಾರದೆ ಇಣುಕಲು ಹೋದಾಗ ಅವನು ದಡಕ್ಕನೆ ಮುಚ್ಚಿದ ಬಾಗಿಲಿಗೆ ಅವಳ ಕಿರುಬೆರಳು ಸಿಕ್ಕಿ ಸೊಟ್ಟಗಾಯಿತು, ಇವತ್ತಿಗೂ ನೆಟ್ಟಗಾಗಿಲ್ಲ, ಏನ್ರೀ ಸೊಟ್ಟಬೆರಳಮ್ಮ ಎಂದು ಗಿರಾಕಿಗಳೆದುರಿಗೇ ರೇಗಿಸುತ್ತಾನೆ, ನಾಚಿಕೆಗೆಟ್ಟವನು. ಮಗಳು ಹುಟ್ಟಿದ ದಿನವೂ ಒಬ್ಬೆ ಇಳಿಸಿಯೇ ಆಸ್ಪತ್ರೆಗೆ ಬಂದ ಆಸಾಮಿ, ಅಂಥವನು ಇವತ್ತು ಹಿಟ್ಟಿನ ಮೂಟೆಗೆ ಒರಗಿ, ಮುಖದ ತುಂಬ ಬೆವರು, ಆಸ್ಪತ್ರೆಗೆ ಹೋಗೋಣ್ವೇನೇ ಅಂದ, ತಾನಾಗಿ ಅಂದ, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ. ಅವಳೇ ಅಂದಳು, ಗ್ಯಾಸ್ ರೀ ಅದು, ನಿನ್ನೆಯಿಂದ ಹೊಟ್ಟೆ ಉಬ್ಬರ ಅಂತಿದ್ರಲ್ಲ, ಇದೊಂದು ಒಬ್ಬೆ ಇಳಿಸಿಬಿಡೋಣ. ಅವನು ಹೂಂ ಅಂದ. ಯಾವತ್ತೂ ಅವಳ ಮಾತು ಕೇಳದವನು ಇವತ್ತೇ ಕೇಳಬೇಕಿತ್ತೇ. ಬ್ರೆಡ್ಡು ಎಷ್ಟು ಚೆನ್ನಾಗಿ ಬಂದಿತ್ತು, ಹೊಂಬಣ್ಣ, ಒಂದೂ ಕುಸಿದಿರಲಿಲ್ಲ, ಅವಳು ಎಲ್ಲವನ್ನೂ ಇಳಿಸಿ ತಿರುಗಿ ನೋಡಿದರೆ ಅವನು ನೆಲದ ಮೇಲಿದ್ದ. ಡಾಕ್ಟರು ಚೀಟಿ ನೋಡಿ ಹೇಳಿದ್ದರು, ನೋವು ಬಂದು ಅರ್ಧ ಗಂಟೇಲೇ ಕರ್ಕೊಂಡು ಬಂದಿದೀರಲ್ಲ, ಅದೇ ಪುಣ್ಯ ಕಣಮ್ಮ, ಹೊತ್ತಾದಷ್ಟೂ ಹೃದಯ ಸಾಯ್ತಾ ಹೋಗತ್ತೆ. ಪುಣ್ಯವಂತೆ. ಆ ಲೆಕ್ಕದ ಮೇಲೇ ಅವರು ಒಳಗೆ ಏನೇನು ಮಾಡುತ್ತಿದ್ದಾರೋ, ಮರ್ಯಾದೆ ಉಳಿಸಿಕೊಳ್ಳಲು ಮುಚ್ಚಿಟ್ಟ ನಲವತ್ತು ನಿಮಿಷ ಅವನನ್ನು ತಿಂದುಬಿಟ್ಟರೆ — ಬಾಗಿಲು ತೆರೆಯಿತು, ನರ್ಸು, ಅವಳು ಎದ್ದೇಬಿಟ್ಟಳು, ಸಿಸ್ಟರ್, ನಾನು ಹೇಳಿದ್ದು ಸುಳ್ಳು, ಎಂಟೂ ಐವತ್ತಕ್ಕೇ ಶುರುವಾಗಿತ್ತು, ನಾನೇ ತಡ ಮಾಡಿದ್ದು. ನರ್ಸು ಹಳೆಯದನ್ನು ಹೊಡೆದುಹಾಕಿ ಬರೆದುಕೊಂಡಳು, ಈಗಲಾದ್ರೂ ಹೇಳಿದ್ರಲ್ಲ, ಡಾಕ್ಟ್ರಿಗೆ ತಿಳಿಸ್ತೀನಿ. ಉಳೀತಾರಾ? ನಾಳೆವರೆಗೆ ಏನೂ ಹೇಳಕ್ಕಾಗಲ್ಲಮ್ಮ. ಬಾಗಿಲು ಮುಚ್ಚಿತು. ಬಕೆಟ್ಟಿನ ಚಕ್ರ ದೂರವಾಯಿತು. ಅವಳು ಕುಳಿತು ಚೀಲವನ್ನು ನೇರ ಮಾಡಿಕೊಂಡಳು, ಜೇಬಿನ ಮೇಲೆ ಬಿಳಿ ಕೈ, ನಾಲ್ಕು ಬೆರಳು ನೆಟ್ಟಗೆ, ಕಿರುಬೆರಳು ಸೊಟ್ಟ — ಅವನ ಕಿರುಬೆರಳು ಸೊಟ್ಟಗಿಲ್ಲವಲ್ಲ, ಗ್ಯಾಸ್ ರೀ, ಏನೂ ಆಗಲ್ಲ, ಸುಮ್ನೆ ಕೂತ್ಕೊಳಿ ಎಂದು ಎದೆಗೆ ಕೈಯೊತ್ತಿ ಅವನನ್ನು ಕೂರಿಸಿದ್ದು ಅವಳೇ, ಅವಳದೇ ಹಿಟ್ಟಿನ ಕೈ, ನಾಲ್ಕು ಬೆರಳು ನೆಟ್ಟಗೆ, ಕಿರುಬೆರಳು ಸೊಟ್ಟ, ನಾಲ್ಕು ಬೆರಳು ನೆಟ್ಟಗೆ, ಕಿರುಬೆರಳು ಸೊಟ್ಟ