ತೊಗಟೆಬಟ್ಟೆಯ ಲಗ್ನಪತ್ರಿಕೆ

ನುಕುಅಲೋಫಾದ ಅಚ್ಚುಮನೆಯವನು ಲಗ್ನಪತ್ರಿಕೆಗೆ ಹೇಳಿದ ರೇಟು ಕೇಳಿ ನನಗೆ ಮೈಯೆಲ್ಲ ಉರಿಯಿತು. "ನಿನ್ನ ಕಾಗದ ನೀನೇ ಉಪ್ಪಿನಕಾಯಿ ಹಾಕ್ಕೋ" ಎಂದು ಅವನ ಮುಖಕ್ಕೇ ಹೇಳಿ ಬಂದೆ. ತಮ್ಮನ ಮಗಳು ಲೂಪೆಯ ಮದುವೆಗೆ ಪತ್ರಿಕೆ ತೊಗಟೆಬಟ್ಟೆಯಲ್ಲಿ ನಾವೇ ಮಾಡುವುದೆಂದು ತೀರ್ಮಾನಿಸಿದೆ. ನಾನು ತೀರ್ಮಾನಿಸಿದರೆ ಆಯಿತು. ಟೋಂಗಾದಲ್ಲಿ ಸೋದರತ್ತೆಯ ಮಾತಿಗೆ ಹೆತ್ತವರೂ ಎದುರಾಡುವುದಿಲ್ಲ.

ತಮ್ಮನ ಮನೆಯ ಹಿಂದಿನ ಚಪ್ಪರದಲ್ಲಿ ಕೂತೆವು. ತೊಗಟೆಯನ್ನು ದಿಮ್ಮಿಯ ಮೇಲಿಟ್ಟು ಕೊಡತಿಯಿಂದ ಬಡಿದು ಬಟ್ಟೆಯಾಗಿಸುವುದು ನನ್ನ ಕೆಲಸ. ಲೂಪೆಯ ತಾಯಿ ಸೆಲಾ ಮರಗೆಣಸಿನ ಅಂಟು ಹಚ್ಚಿ ಪದರ ಕೂಡಿಸುತ್ತಿದ್ದಳು. ಅಂಗೈಯಗಲದ ತುಂಡುಗಳ ಮೇಲೆ ಲೂಪೆ ಕೇದಗೆ ಕಾಯಿಯ ಕುಂಚದಿಂದ ಹೆಸರು ಬರೆಯುತ್ತಿದ್ದಳು. ಅವಳಣ್ಣ ಮೊಸೆಸೆ, ಒಣಹಾಕಿದ ಉದ್ದನೆಯ ಬಟ್ಟೆಯ ಆಚೆ ಕೂತು ತೊಗಟೆ ಸುಲಿಯುತ್ತಿದ್ದ. ಆಚೆಯೇ ಕೂರಬೇಕು. ನಮ್ಮಲ್ಲಿ ಮೈನೆರೆದ ತಂಗಿಯ ಹತ್ತಿರ ಅಣ್ಣ ಕೂರುವುದಿಲ್ಲ, ಅವಳನ್ನು ಮುಟ್ಟುವುದಿಲ್ಲ. ಅವನ ಕಿವಿಗೆ ಬೀಳುವಂತೆ ಅವಳ ಬಗ್ಗೆ ಯಾರೂ ಪೋಲಿ ಮಾತಾಡುವುದೂ ಇಲ್ಲ.

ಮದುಮಗ ಫೆಲೆಟಿ ಕೈಜೋಡಿಸಲು ಬಂದ. ಒಳ್ಳೆಯ ಹುಡುಗ, ಬಾಯಿಗೆ ಮಾತ್ರ ಬೀಗವಿಲ್ಲ. ಬಟ್ಟೆಯ ಆಚೆ ಯಾರಿದ್ದಾರೆಂದು ಅವನಿಗೆ ಗೊತ್ತಿರಲಿಲ್ಲ.

"ಏನಪ್ಪಾ ಅಳಿಯ, ಕೆಲಸ ಎಲ್ಲಾ ಮುಗಿದ್ಮೇಲೆ ಬಂದ್ಯಲ್ಲ?" ಸೆಲಾ ಕಿಚಾಯಿಸಿದಳು.

"ನನ್ ಕೆಲಸ ಮದುವೆ ಆದ್ಮೇಲೆ ಶುರು ಅತ್ತೆ! ಈ ಬಟ್ಟೇಲಿ ಒಂದ್ ತುಂಡು ನಮ್ ಹಾಸಿಗೆಗೂ ಎತ್ತಿಡಿ. ಮೊದಲ ರಾತ್ರಿ ಲೂಪೆ ಅದರ ಮೇಲೆ ಎಂಥಾ ಚಿತ್ತಾರ ಬಿಡಿಸ್ತಾಳೆ ನೋಡಿ!"

ನಾನು ಕಣ್ಣಲ್ಲೇ ಗದರಿದೆ. ಆ ದಡ್ಡ ತನ್ನ ಮಾತಿಗೆ ತಾನೇ ನಗುತ್ತಿದ್ದ.

ಮೊಸೆಸೆ ಒಣಹಾಕಿದ ಬಟ್ಟೆಯನ್ನು ಹರಿದುಕೊಂಡೇ ಈಚೆ ಬಂದ. ನನ್ನ ಕೈಯ ಕೊಡತಿ ಕಿತ್ತುಕೊಂಡದ್ದು ನನಗೆ ತಿಳಿಯುವ ಮೊದಲೇ ಅದು ಫೆಲೆಟಿಯ ದವಡೆಗೆ ಬಿತ್ತು. ಹಲ್ಲು ಹಾರಿ ಅಂಟಿನ ಬೋಗುಣಿಗೆ ಬಿತ್ತು. ಬಿದ್ದವನ ತೊಡೆಯ ಮೇಲೆ ಕೂತು ಭುಜಕ್ಕೆ, ಪಕ್ಕೆಗೆ, ಮತ್ತೆ ಬಾಯಿಗೆ ಬಡಿದ. ಪಕ್ಕೆಲುಬು ಮುರಿದ ಸದ್ದು ನನಗೆ ಕೇಳಿಸಿತು.

"ನನ್ ತಂಗಿ ಹೆಸರೆತ್ತಿದ ಬಾಯಿ ಉಳೀಬಾರ್ದು!"

"ಬಿಡೋ ಮುಂಡೇದೇ! ಸಾಯ್ತಾನೆ!" ಕೂದಲು ಹಿಡಿದು ಎಳೆದೆ, ಬೆನ್ನಿಗೆ ಒದ್ದೆ. ಹುಟ್ಟಿದಾಗಿನಿಂದ ನನ್ನ ಮಾತು ಮೀರದವನು ಅಂದು ಮೀರಿದ. ಫೆಲೆಟಿಯ ತಲೆಗೆ ಗುರಿಯಿಟ್ಟು ಎರಡೂ ಕೈಯಲ್ಲಿ ಕೊಡತಿ ಎತ್ತಿದ.

ಲೂಪೆ ಅಡ್ಡ ಬಿದ್ದಳು. ಏಟು ಅವಳ ಬಲಗೈಯ ಮಣಿಕಟ್ಟಿನ ಮೇಲೆ ಇಳಿಯಿತು. ಮೂಳೆ ಚರ್ಮ ಸೀಳಿಕೊಂಡು ಹೊರಬಂತು.

ಅವಳು ದೊಡ್ಡವಳಾದ ಮೇಲೆ ಅವಳ ನೆರಳನ್ನೂ ಸೋಕದಿದ್ದ ಅಣ್ಣ. ಅವನ ಮುಖದ ತುಂಬ ಈಗ ಅವಳ ರಕ್ತ. "ಅತ್ತೆ, ನಾನು ಅವಳ ಮರ್ಯಾದೆಗೋಸ್ಕರ..." ಎಂದು ಹಿಂದೆ ಸರಿದು ನನ್ನ ಕಡೆ ತಿರುಗಿ ಗೊಳೋ ಎಂದು ಅತ್ತ. ನನಗೆ ಕನಿಕರ ಬರಲಿಲ್ಲ. ಸುಳ್ಳೇಕೆ, ಅದೇ ಕೊಡತಿಯಿಂದ ಅವನ ಬುರುಡೆ ಒಡೆಯಬೇಕೆನಿಸಿತು.

ಫೆಲೆಟಿ ರಕ್ತ ಕಾರುತ್ತ ಉಸಿರಾಡುತ್ತಿದ್ದ. ಲೂಪೆ ಅಣ್ಣನ ಕಡೆ ನೋಡಲಿಲ್ಲ. ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ನನ್ನೊಡನೆ ಮಾತಾಡಿದಳು.

"ಅತ್ತೆ, ಅಣ್ಣನಿಗೆ ಹೇಳಿ. ಇವನ ಬಾಯಿ ಕೆಟ್ಟದ್ದೇ, ಅದಕ್ಕೆ ನಾನೇ ಎರಡು ಬಿಗೀತಿದ್ದೆ. ಬದುಕಿದ್ರೆ ಇವನ್ನೇ ಮದುವೆ ಆಗ್ತೀನಿ. ಅಣ್ಣ ಬರಕೂಡ್ದು. ನನ್ ಮದುವೆಗೂ ಬೇಡ, ನನ್ ಮಣ್ಣಿಗೂ ಬೇಡ."

ಮೊಸೆಸೆ ಎರಡು ಮಾರು ದೂರದಲ್ಲೇ ಇದ್ದ, ಎಲ್ಲ ಕೇಳಿಸಿಕೊಂಡಿದ್ದ. ಆದರೆ ತಂಗಿ ಆಡಿದರೆ ಅದು ಸಿಟ್ಟು, ಸೋದರತ್ತೆ ನಾನು ಆಡಿದರೆ ತೀರ್ಪು.

ಸೆಲಾ ನನ್ನ ಕಾಲು ಕಟ್ಟಿಕೊಂಡಳು. "ಅತ್ತಿಗೆ, ನಿಮ್ ಬಾಯಲ್ಲಿ ಅದು ಬರೋದ್ ಬೇಡ! ಇರೋನು ಒಬ್ಬನೇ ಮಗ!"

ಮೊಸೆಸೆ ಎರಡೂ ಕಿವಿ ಮುಚ್ಚಿಕೊಂಡ. ನಾನು ಸೆಲಾಳನ್ನು ಬಿಡಿಸಿಕೊಂಡು ಹೋಗಿ, ಅವನ ಕೈಗಳನ್ನು ಕಿತ್ತು ತೆಗೆದು, ಲೂಪೆಯ ಮಾತನ್ನು ಒಂದಕ್ಷರ ಬಿಡದೆ ಅವನಿಗೆ ಹೇಳಿದೆ.