ವೇದಾಳ ಸ್ಕೋಪ್

ರೈಫಲ್ ವೇದಾಳದು. ಅದಕ್ಕೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಆರಿಸಿದವನು ಅವಳ ಗಂಡ ಅಚಿಂತ್ಯ. ಆದರೆ ಆ ಸ್ಕೋಪನ್ನು ರೈಫಲ್ ಮೇಲೆ ಕೂರಿಸಿದ್ದು ಭೋಜ. ಅಚಿಂತ್ಯನಿಗೆ ಈ ಕೊನೆಯ ಸಂಗತಿಯೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ವೇದಾ ಧಾರವಾಡದವಳು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ರೈಫಲ್ ಶೂಟಿಂಗ್‌ನಲ್ಲಿ ಪದಕ ಗೆದ್ದಿದ್ದಳು. ಆಮೇಲೆ ಎಂಬಿಬಿಎಸ್, ಮದುವೆ, ಲಂಡನ್, ಆಸ್ಪತ್ರೆಯ ಪೆಥಾಲಜಿ ವಿಭಾಗ ಎಂದು ವರ್ಷಗಳು ಕಳೆದು ಬಂದೂಕಿನ ಮಾತು ಮನೆಯಲ್ಲಿ ಬಂದದ್ದೇ ಇಲ್ಲ. ಹೋದ ವರ್ಷ ರಾಜ್ಯೋತ್ಸವದ ಊಟದಲ್ಲಿ ಭೋಜ ಪಕ್ಕದಲ್ಲಿ ಬಂದು ಕುಳಿತ. ಕುಂದಾಪುರದವನು, ಗ್ರೀನ್‌ಫರ್ಡ್‌ನಲ್ಲಿ ಮಸಾಲೆ ಪದಾರ್ಥಗಳ ದೊಡ್ಡ ಗೋಡೌನ್ ಇಟ್ಟವನು, ನಕ್ಕರೆ ಆಚೆ ಮೇಜಿನವರೂ ತಿರುಗಿ ನೋಡಬೇಕು. ಲಂಡನ್ನಿನ ಅಂಚಿನಲ್ಲಿ, ಹೇರ್‌ಫೀಲ್ಡ್ ಹತ್ತಿರದ ಒಂದು ಫಾರ್ಮಿನಲ್ಲಿ ಮುಂಟ್‌ಜಾಕ್ ಜಿಂಕೆಗಳು ಎಳೆ ಗಿಡಗಳನ್ನೆಲ್ಲ ಮೇಯುತ್ತಿದ್ದವು. ಫಾರ್ಮಿನ ಯಜಮಾನ ಅವನ್ನು ಹೊಡೆಯಲು ಭೋಜನಿಗೆ ಒಪ್ಪಿಗೆ ಕೊಟ್ಟಿದ್ದ.

"ನಮ್ಮ ಊರಿನ ಕಾಡುಕುರಿಯ ತಮ್ಮ ಅದು ಡಾಕ್ಟ್ರೆ. ಪದಕ ಇಟ್ಕೊಂಡು ಮನೆಯಲ್ಲಿ ಕೂತ್ರೆ ಎಂತ ಬಂತು? ಬನ್ನಿ ಒಮ್ಮೆ," ಎಂದಿದ್ದ.

ವೇದಾ ಹೋದಳು. ಮತ್ತೆ ಹೋದಳು. ಜಿಂಕೆ ಬೇಟೆಯವರ ಪರೀಕ್ಷೆ ಪಾಸು ಮಾಡಿದಳು. ಪೊಲೀಸರು ಮನೆಗೆ ಬಂದು, ಉಕ್ಕಿನ ಕಪಾಟು ನೋಡಿ, ಅಚಿಂತ್ಯನನ್ನೂ ಮಾತಾಡಿಸಿ ಪರವಾನಗಿ ಕೊಟ್ಟರು. "ನಿಮ್ಮದೇನೂ ಆಕ್ಷೇಪ ಇಲ್ಲವಲ್ಲ?" ಎಂದು ಆ ಅಧಿಕಾರಿ ಕೇಳಿದಾಗ ಅಚಿಂತ್ಯ ಇಲ್ಲವೆಂದ. ಬಂದೂಕಿನ ಬಗ್ಗೆ ಅವನಿಗೆ ನಿಜಕ್ಕೂ ಆಕ್ಷೇಪವಿರಲಿಲ್ಲ.

ಅವನು ಭೌತವಿಜ್ಞಾನ ಓದಿದವನು. ಕ್ಯಾನ್ಸರ್ ರೋಗಿಗಳಿಗೆ ಕೊಡುವ ವಿಕಿರಣ ಗಡ್ಡೆಯ ಮೇಲೆಯೇ ಬೀಳುವಂತೆ ಲೆಕ್ಕ ಹಾಕುವುದು ಅವನ ಕೆಲಸ. ಸ್ಕೋಪ್ ಆರಿಸುವ ಹೊಣೆ ತನ್ನದೆಂದು ತಾನೇ ಹೊತ್ತುಕೊಂಡ. ಜಿಂಕೆಗಳು ಹೊರಬರುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ಹಾಗಾಗಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದಕ್ಕಿಂತ ಎಷ್ಟು ಬೆಳಕು ಕಣ್ಣಿಗೆ ತಲುಪುತ್ತದೆ ಎನ್ನುವುದು ಮುಖ್ಯ. ಮುಂದಿನ ಲೆನ್ಸಿನ ಅಗಲವನ್ನು ಹಿಗ್ಗಿಸುವ ಪಟ್ಟಿನಿಂದ ಭಾಗಿಸಿದರೆ ಹಿಂದಿನಿಂದ ಹೊರಬೀಳುವ ಬೆಳಕಿನ ಅಗಲ ಸಿಗುತ್ತದೆ. ಕಣ್ಣಿನ ಪಾಪೆ ಅದಕ್ಕಿಂತ ಕಿರಿದಾಗಿದ್ದರೆ ಮಿಕ್ಕ ಬೆಳಕು ವ್ಯರ್ಥ. ಆದ್ದರಿಂದ ಒಂದು ಸಂಜೆ ಪರದೆ ಎಳೆದು, ದೀಪ ಆರಿಸಿ, ಕತ್ತಲೆಗೆ ಹೊಂದಿಕೊಳ್ಳುವವರೆಗೆ ವೇದಾಳ ಎದುರು ಕುಳಿತು, ಕತ್ತಲಲ್ಲೂ ಕಾಣುವ ಕ್ಯಾಮೆರಾ ಹಿಡಿದು ಅವಳ ಪಾಪೆಯನ್ನು ಅಳೆದಿದ್ದ.

"ಹಿಂಗ ಕಣ್ಣಾಗ ಕಣ್ಣಿಟ್ಟು ನೋಡಿ ಎಷ್ಟ ವರ್ಷ ಆತೋ ನೀ!" ಎಂದು ಅವಳು ನಕ್ಕಿದ್ದಳು.

ಪಾಪೆ ಆರು ಮಿಲಿಮೀಟರ್ ಇತ್ತು. ಏಳು ಪಟ್ಟು ಹಿಗ್ಗಿಸಿದರೂ ಅಷ್ಟು ಅಗಲದ ಬೆಳಕು ಕೊಡಲು ನಲವತ್ತೆರಡು ಮಿಲಿಮೀಟರ್ ಅಗಲದ ಲೆನ್ಸ್ ಸಾಕು. ಆ ಲೆನ್ಸಿನ ಸ್ಕೋಪನ್ನೇ ತರಿಸಿದ. ಶನಿವಾರ ಕೂರಿಸೋಣವೆಂದು ಊಟದ ಮೇಜು ಖಾಲಿ ಮಾಡಿ, ಸ್ಕೋಪಿನೊಳಗಿನ ಗುರಿಯ ಗೆರೆ ನೇರವಿದೆಯೇ ನೋಡಲು ತೂಗುಗುಂಡು, ಮಟ್ಟ ನೋಡುವ ಗಾಜಿನ ಕೊಳವೆ, ಸ್ಕ್ರೂ ಇಷ್ಟೇ ಬಿಗಿಯಬೇಕೆಂದು ತೋರಿಸುವ ತಿರುಪುಳಿ ಎಲ್ಲ ಜೋಡಿಸಿಟ್ಟ. ಶುಕ್ರವಾರ ಸಂಜೆ ಅವನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ವೇದಾ ಭೋಜನೊಂದಿಗೆ ಹೋಗಿ, ಅವನ ಕೈಯಲ್ಲೇ ಸ್ಕೋಪ್ ಕೂರಿಸಿಕೊಂಡು, ಗುರಿ ಅಭ್ಯಾಸದ ರೇಂಜಿನಲ್ಲಿ ಗುಂಡು ಹಾರಿಸಿ ಬಂದಾಗಿತ್ತು. ಅವಳ ಬಲ ಹುಬ್ಬಿನ ಮೇಲೆ ಪ್ಲಾಸ್ಟರ್ ಇತ್ತು.

"ಏನಿದು?"

"ಸ್ಕೋಪ್ ಕಚ್ಚತು," ಎಂದಳು, ಬಹುಮಾನ ಸಿಕ್ಕವಳ ಹಾಗೆ. "ಮೊದ್ಲ ಕಣ್ಣಿಗೆ ಭಾಳ ಹತ್ರ ಕೂಡ್ಸಿದ್ರು. ಗುಂಡು ಹೊಡದ್ ಕೂಡ್ಲೇ ಹಿಂದ ಬಂದು ಬಡೀತು. ಆಮ್ಯಾಲೆ ಸರಿ ಮಾಡಿದ್ರು."

"ಪ್ಲಾಸ್ಟರ್ ಯಾರು ಹಾಕಿದ್ದು?"

"ಯಾರ್ ಹಾಕ್ತಾರ? ಭೋಜ. ನನ್ನ ಹುಬ್ಬು ನನಗ ಕಾಣ್ತದೇನು?"

ಅಚಿಂತ್ಯ ಮೇಜಿನ ಮೇಲಿನ ಸಾಮಾನುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿದ. ಬೆರಳಿನಿಂದ ಹುಬ್ಬಿನ ಕೂದಲು ಸರಿಸದೆ ಅಲ್ಲಿ ಪ್ಲಾಸ್ಟರ್ ಅಂಟಿಸಲಾಗುವುದಿಲ್ಲ ಎಂಬ ಯೋಚನೆ ಮಾತ್ರ ಪೆಟ್ಟಿಗೆಗೆ ಹೋಗಲಿಲ್ಲ.

ಮುಂದಿನ ಶನಿವಾರ ವೇದಾಳ ಮೊದಲ ಬೇಟೆ. ಈ ಸಲ ಅಚಿಂತ್ಯನೂ ಬರುವುದೆಂದಾಯಿತು. ಹಿಂದಿನ ಸಂಜೆ ಅವಳು ಅಡುಗೆಮನೆಯಲ್ಲಿ ಫೋನಿನಲ್ಲಿದ್ದಳು. ರೈಫಲ್ ಕಪಾಟಿನಲ್ಲಿ ಬೀಗದೊಳಗಿತ್ತು. ಸ್ಕೋಪ್ ಮಾತ್ರ, ಒಂದು ಹಿಡಿ ತಿರುವಿದರೆ ಬಿಚ್ಚಿಕೊಂಡು ಮತ್ತೆ ಅದೇ ಜಾಗದಲ್ಲಿ ಕೂರುವಂಥದ್ದಾದ್ದರಿಂದ, ಬಟ್ಟೆಯ ಚೀಲದಲ್ಲಿ ಪುಸ್ತಕಗಳ ಪಕ್ಕ ಇರುತ್ತಿತ್ತು. ಅಚಿಂತ್ಯ ಅದನ್ನು ಕಿಟಕಿಗೆ ಒಯ್ದು ಕಣ್ಣಿಗೆ ಹಿಡಿದ. ಎದುರು ಮನೆಯ ಚಿಮಣಿಯ ಮೇಲೆ ಒಂದು ಪಾರಿವಾಳ, ಅದರ ಎದೆಯ ಮೇಲೆ ಗುರಿಯ ಗೆರೆಗಳು. ತಾನು ಆರಿಸಿದ ಗಾಜು ಎಷ್ಟು ಸ್ವಚ್ಛವಾಗಿದೆ ಎಂದು ಸಂತೋಷಪಡುವಷ್ಟರಲ್ಲಿ ಅಡುಗೆಮನೆಯಿಂದ ವೇದಾಳ ನಗು ಕೇಳಿಸಿತು.

"ಭೋಜ, ನೀವಂತೂ ಬಿಡ್ರಿ! ಇಲ್ರೀ, ಅಂವಾ ಸುಮ್ನ ನೋಡಾಕ ಬರ್ತಾನ."

ಸುಮ್ಮನೆ ನೋಡಲು. ಅವನು ತಟ್ಟನೆ ತಿರುಗಿದ. ಸ್ಕೋಪ್ ಕೈಜಾರಿ ರೇಡಿಯೇಟರಿನ ಅಂಚಿಗೆ ಬಡಿದು ನೆಲಕ್ಕೆ ಬಿತ್ತು.

ಗಾಜು ಒಡೆದಿರಲಿಲ್ಲ. ಗೀರೂ ಇರಲಿಲ್ಲ. ಮತ್ತೆ ನೋಡಿದರೆ ಪಾರಿವಾಳ ಮೊದಲಿನಷ್ಟೇ ಸ್ಪಷ್ಟ. ಆದರೆ ಒಳಗೆ ಗೆರೆಗಳನ್ನು ಹೊತ್ತ ಸಣ್ಣ ಕೊಳವೆ ಸ್ಪ್ರಿಂಗಿನ ಆಸರೆಯಲ್ಲಿ ನಿಂತಿರುತ್ತದೆ, ಅದು ಕೂದಲೆಳೆಯಷ್ಟು ಸಡಿಲವಾದರೂ ದೂರದಲ್ಲಿ ಗುಂಡು ಗೇಣು ಆಚೆ ಬೀಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಹೇಳಿದರೆ ನಾಳಿನ ಬೇಟೆ ನಿಲ್ಲುತ್ತದೆ; ಅವಳು ಇನ್ನೊಂದು ಸಂಜೆ ಭೋಜನೊಡನೆ ರೇಂಜಿಗೆ ಹೋಗುತ್ತಾಳೆ. ಹೇಳದಿದ್ದರೆ ಗುಂಡು ತಪ್ಪಬಹುದು, ಭೋಜನ ಎದುರು ಅವಳಿಗೆ ನಾಚಿಕೆಯಾಗಬಹುದು, ಇದೆಲ್ಲ ಸಾಕೆನಿಸಬಹುದು. ಹೊಟ್ಟೆಗೋ ಕಾಲಿಗೋ ಗುಂಡು ತಗಲಿದ ಜಿಂಕೆ ಪೊದೆಯೊಳಗೆ ತೆವಳಿಹೋಗಲೂಬಹುದು. ಅದನ್ನು ಅವನು ಯೋಚಿಸಲಿಲ್ಲವೆಂದಲ್ಲ. ಯೋಚಿಸಿಯೂ ಸ್ಕೋಪನ್ನು ಚೀಲಕ್ಕೆ ಹಾಕಿ ಪುಸ್ತಕಗಳ ಪಕ್ಕ ಇಟ್ಟ.

ಮರುದಿನ ನಸುಕಿನಲ್ಲೇ ಕಾರಿನಲ್ಲಿ ಅವಳು ಉತ್ಸಾಹದಿಂದ ಮಾತಾಡುತ್ತಲೇ ಇದ್ದಳು. ಇವತ್ತು ಅಟ್ಟಣೆಯ ಮೇಲೆ ಒಬ್ಬಳೇ ಕೂರುತ್ತಾಳಂತೆ. ಭೋಜ ಹೊಲದ ಆಚೆ ತುದಿಯ ಬೇರೆ ಅಟ್ಟಣೆಯಲ್ಲಿ. ಹೇಳಬೇಕೆಂದು ಅಚಿಂತ್ಯ ಬಾಯಿ ತೆರೆದಾಗಲೆಲ್ಲ ಯಾವುದೋ ಸಿಗ್ನಲ್ ಹಸಿರಾಗುತ್ತಿತ್ತು.

ಫಾರ್ಮಿನ ಗೇಟಿನಲ್ಲಿ ಭೋಜ ಕಾಯುತ್ತಿದ್ದ. "ಓಹೋ, ಸಾರ್ ಬಂದ್ರಾ! ಜಿಂಕೆಗೆ ಗೊತ್ತುಂಟಾ ನೀವು ಬರೀ ಸೊಪ್ಪು ತಿನ್ನುವವ್ರು ಅಂತ? ಗೊತ್ತಾದ್ರೆ ನಿಮ್ಮ ಬೆನ್ನಿಗೇ ಬಂದು ನಿಲ್ತದೆ ಮಾರಾಯ್ರೆ." ಆಮೇಲೆ ದಿಣ್ಣೆಗೆ ಆನಿಸಿದ ಹಲಗೆಗೆ ಒಂದು ಕಾಗದ ಸಿಕ್ಕಿಸಿದ. "ಹೊರಡುವ ಮುಂಚೆ ಕಾಗದಕ್ಕೆ ಒಂದು. ಇದು ನನ್ನ ಪದ್ಧತಿ."

ಅಚಿಂತ್ಯನ ಎದೆ ಹಗುರಾಯಿತು. ಕಾಗದವೇ ಹೇಳುತ್ತದೆ, ತಾನು ಹೇಳಬೇಕಿಲ್ಲ.

ವೇದಾ ಮಲಗಿ ಗುರಿಯಿಟ್ಟು ಹಾರಿಸಿದಳು. ಗುಂಡು ಎಡಕ್ಕೆ ಬಿತ್ತು. ಇನ್ನೊಂದು ಮೇಲಕ್ಕೆ. ಮೂರನೆಯದು ಬಲಗಡೆ ಅಂಚಿಗೆ. ಒಂದೇ ಕಡೆಗೆ ವಾಲಿದ್ದರೆ ಯಾರಾದರೂ ಸ್ಕೋಪನ್ನು ಅನುಮಾನಿಸುತ್ತಿದ್ದರು. ಇವು ದಿಕ್ಕಿಗೊಂದಾಗಿದ್ದವು. ಹೆದರಿದ ಕೈಯೂ ಹೀಗೆಯೇ ಹೊಡೆಯುತ್ತದೆ.

ಭೋಜ ತಲೆಯಾಡಿಸಿದ. "ಟ್ರಿಗರ್ ಗಕ್ಕಂತ ಎಳೀತಾ ಇದ್ದೀರಿ ಡಾಕ್ಟ್ರೆ. ಅವತ್ತು ಹುಬ್ಬಿಗೆ ಬಿತ್ತಲ್ಲ, ಅದೇ ಹೆದರಿಕೆ ಕೂತಿದೆ ಒಳಗೆ. ಕಣ್ಣು ಮುಚ್ಚಿ ಹೋಗ್ತದೆ ನಿಮ್ದು." ಅವಳ ಭುಜದ ಮೇಲೆ ಕೈಯಿಟ್ಟ. "ಉಸಿರು ಬಿಡಿ. ನಿಧಾನ."

ನಾಲ್ಕನೆಯದು ಕಾಗದಕ್ಕೇ ತಗಲಲಿಲ್ಲ.

ವೇದಾ ಎದ್ದು ಕುಳಿತಳು. ರೈಫಲ್ ಖಾಲಿ ಮಾಡಿ ಪಕ್ಕಕ್ಕಿಟ್ಟು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. "ಇಲ್ರಿ. ನನ್ನ ಕೈಲೆ ಆಗೂದಿಲ್ಲ ಇದು. ವಯಸ್ಸಾತು. ನಾ ಕಣ್ಣ ಮುಚ್ಚೇನಿ ಅಂತ ನನಗs ಗೊತ್ತಾಗ್ಲಿಲ್ಲ ನೋಡ್ರಿ. ಆ ಮೂಕ ಪ್ರಾಣಿಗೆ ಸುಮ್ನ ನೋವು ಮಾಡೂದ್ಕಿಂತ ಬಿಟ್ಟಬಿಡೂದು ಚಲೋ." ಗಂಡನ ಕಡೆ ತಿರುಗಿದಳು. "ಅಚಿಂತ್ಯ, ನಡಿ, ಮನೀಗೆ ಹೋಗೂಣು. ಪರವಾನಗಿನೂ ವಾಪಸ್ ಕೊಟ್ಟಬಿಡ್ತೀನಿ."

ಬೇಡಿಕೊಂಡದ್ದೆಲ್ಲ ಒಂದೇ ಮಾತಿನಲ್ಲಿ ಅವನ ಕೈಗೆ ಬಂದಿತ್ತು. ಹೂಂ ಅಂದರೆ ಸಾಕು. ಅವಳು ಮಾತ್ರ ಇನ್ನೂ ಅಂಗೈ ನೋಡಿಕೊಳ್ಳುತ್ತಿದ್ದಳು.

"ನಿನ್ನ ಕೈ ಸರಿಯಾಗೇ ಇದೆ," ಎಂದ ಅಚಿಂತ್ಯ. "ಸ್ಕೋಪ್ ಕೆಟ್ಟಿದೆ. ನಿನ್ನೆ ನನ್ನ ಕೈಯಿಂದ ಬಿತ್ತು."

ಭೋಜ ಹಲಗೆಯ ಕಾಗದದ ಕಡೆ ತಿರುಗಿ ನೋಡಿದ.

"ನಿನ್ನೆ?" ಎಂದಳು ವೇದಾ. "ಕಾರನ್ಯಾಗ ಇಷ್ಟೊತ್ತು ಪಕ್ಕದಾಗ ಕುಂತಿದ್ದಿ. ನಾಕು ಗುಂಡು ಹೊಡ್ಯೂಮಟಾ ಇಲ್ಲೇ ನಿಂತಿದ್ದಿ."

"ಹೇಳೋಣ ಅಂತಲೇ ಇದ್ದೆ."

"ಯಾಕ ಹೇಳ್ಲಿಲ್ಲ?"

ಅವಳು ಅವನನ್ನೂ, ಆಮೇಲೆ ಭೋಜನನ್ನೂ ನೋಡಿ, ಉತ್ತರವನ್ನು ತಾನೇ ಕಂಡುಕೊಂಡಳು. ಅವಳ ಕಿವಿ ಕೆಂಪಾಯಿತು.

"ಅದು ಹೋಗ್ಲಿ ಮಾರಾಯ್ರೆ," ಎಂದ ಭೋಜ ಬೇಗಬೇಗನೆ, "ನನ್ನ ರೈಫಲ್ ಉಂಟಲ್ಲ. ಅದ್ರಲ್ಲಿ ಹೊಡೀರಿ."

ಅವಳು ಹೊಡೆದಳು. ನಡುವಿನ ಕಪ್ಪು ಚುಕ್ಕೆಯಲ್ಲಿ ತೂತು. ಮತ್ತೊಂದು ಅದಕ್ಕೆ ತಾಗಿಕೊಂಡೇ.

"ಆದ್ರೆ ಒಂದು," ಎಂದ ಭೋಜ, ಅಚಿಂತ್ಯನ ಕಡೆ ನೋಡದೆ. "ಇನ್ನೊಬ್ರ ರೈಫಲ್ ಅಲ್ವಾ. ಕಾನೂನು ಪ್ರಕಾರ ನಾನು ಜೊತೆಗೇ ಇರ್ಬೇಕು. ಒಂದೇ ಅಟ್ಟಣೆ ಆಗ್ತದೆ."

"ಆಗ್ಲಿ," ಎಂದಳು ವೇದಾ. ತನ್ನ ರೈಫಲಿನಿಂದ ಸ್ಕೋಪ್ ಬಿಚ್ಚಿ ಅಚಿಂತ್ಯನ ಕೈಗೆ ಕೊಟ್ಟು, ರೈಫಲನ್ನು ಭೋಜನ ವ್ಯಾನಿನ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಳು. ಇಬ್ಬರೂ ಬೇಲಿಗುಂಟ ನಡೆದುಹೋದರು.

ಅಚಿಂತ್ಯ ವ್ಯಾನಿಗೆ ಒರಗಿ ನಿಂತ. ಅಟ್ಟಣೆ ಇಕ್ಕಟ್ಟಾಗಿತ್ತು, ಬರಿಗಣ್ಣಿಗೆ ಎರಡು ಬೆನ್ನುಗಳು ಒಂದೇ ಕಂದು ಬಣ್ಣದ ಮುದ್ದೆಯಂತೆ ಕಂಡವು. ಸ್ಕೋಪ್ ಎತ್ತಿ ಕಣ್ಣಿಗೆ ಹಿಡಿದ. ಭುಜಕ್ಕೆ ಭುಜ. ಭೋಜ ಏನೋ ಪಿಸುಗುಟ್ಟುತ್ತಿದ್ದ, ಅವಳು ತಲೆಯಾಡಿಸುತ್ತಿದ್ದಳು. ಗುರಿಯ ಗೆರೆಗಳು ಭೋಜನ ಟೋಪಿಯ ಮೇಲೆ ಬಂದು ನಿಂತದ್ದನ್ನು ಕಂಡು ಅವನಿಗೇ ಅಸಹ್ಯವಾಗಿ ಸ್ಕೋಪ್ ಕೆಳಗಿಳಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿದ.

ಒಂದೇ ಒಂದು ಗುಂಡಿನ ಸದ್ದು. ಬೇಲಿಯ ಮೇಲಿನ ಕಾಗೆಗಳು ಎದ್ದವು. ಬಹಳ ಹೊತ್ತಾದ ಮೇಲೆ ಭೋಜ ಅಟ್ಟಣೆಯಿಂದಿಳಿದು ಎರಡೂ ಕೈ ಬೀಸಿ ಅವನನ್ನು ಕರೆದ.

ಜಿಂಕೆ ನಿಂತಲ್ಲೇ ಬಿದ್ದಿತ್ತು, ನಾಯಿಯಷ್ಟೇ ಎತ್ತರದ್ದು. ವೇದಾ ಅದರ ಪಕ್ಕ ಮಂಡಿಯೂರಿ ಕುಳಿತಿದ್ದಳು. ಕಣ್ಣು ಒದ್ದೆಯಾಗಿತ್ತು.

"ಹೆಜ್ಜೆ ಕೂಡ ಇಡಲಿಲ್ಲ ಸಾರ್," ಎಂದ ಭೋಜ. "ಏನು ಕೈ ಮಾರಾಯ್ರೆ!"

ವೇದಾ ಜಿಂಕೆಯನ್ನೇ ನೋಡುತ್ತ ಗಂಡನಿಗೆ ಹೇಳಿದಳು. "ಹೊಸಾ ಸ್ಕೋಪ್ ತಗೋಬೇಕು. ನೀನs ಆರ್ಸು, ನಿನ್ನಷ್ಟು ಚಲೋ ಯಾರೂ ಆರ್ಸಂಗಿಲ್ಲ. ಆದ್ರ ಅದನ್ನ ನಾ ಮನ್ಯಾಗ ಇಡಂಗಿಲ್ಲ. ಭೋಜ ಅವ್ರ ಕಡೆ ಇರ್ಲಿ."

"ಸರಿ," ಎಂದ ಅಚಿಂತ್ಯ.

ಭೋಜ ಕೆಮ್ಮಿ, ಬಗ್ಗಿ, ಜಿಂಕೆಯ ಮುಂಗಾಲು ಹಿಡಿದ. "ಸಾರ್, ಆ ಕಡೆ ಸ್ವಲ್ಪ ಹಿಡೀತೀರಾ? ವ್ಯಾನ್ ತನಕ."

ಅಚಿಂತ್ಯ ಸ್ಕೋಪನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿಂಗಾಲುಗಳನ್ನು ಹಿಡಿದ. ಅವು ಇನ್ನೂ ಬೆಚ್ಚಗಿದ್ದವು.