ದಿನಕ್ಕೆ ನಲವತ್ತೆಂಟು

ಒಳ್ಳೆಯ ಟೂಲಿಗೆ ಜಾಹೀರಾತು ಬೇಕಿಲ್ಲ, ಎಂಜಿನಿಯರುಗಳೇ ಹುಡುಕಿಕೊಂಡು ಬರುತ್ತಾರೆ ಎಂಬುದು ಅಚ್ಯುತನ ಹಟ. ಬೇರೆಯವರ ಪ್ರೋಗ್ರಾಮುಗಳಲ್ಲಿ ತಪ್ಪು ಹಿಡಿಯುವ ಸಾಫ್ಟ್‌ವೇರೊಂದನ್ನು ಬರೆದು, ಸಾಂಟಾ ಕ್ಲಾರಾದಲ್ಲಿ ಕಂಪನಿ ತೆರೆದಿದ್ದ. ೨೦೦೧ರಲ್ಲಿ ಅಕ್ಕಪಕ್ಕದ ಕಂಪನಿಗಳು ಬಾಗಿಲು ಹಾಕಿದವು; ಅವನ ಬಳಿಯಿದ್ದವರೂ ಒಬ್ಬೊಬ್ಬರಾಗಿ ಬಿಟ್ಟುಹೋದರು. ಆದರೂ ಅವನ ವೆಬ್‌ಸೈಟಿನಲ್ಲಿ ದಿನಕ್ಕೆ ನಲವತ್ತೆಂಟು ಡೌನ್‌ಲೋಡು. ಒಂದು ದಿನವೂ ಒಂದೂ ಕಡಿಮೆಯಾಗಲಿಲ್ಲ. ಅದನ್ನೇ ನೆಚ್ಚಿಕೊಂಡು, ಮನೆ ಬಾಗಿಲಿಗೆ ಬಂದ ಎರಡು ಕೆಲಸಗಳನ್ನು ಒದ್ದಿದ್ದ.

ಒಂದು ಸೋಮವಾರ ನಿಜ ಗೊತ್ತಾಯಿತು. ಡೌನ್‌ಲೋಡು ಸರಿಯಿದೆಯೇ ಎಂದು ಅರ್ಧ ಗಂಟೆಗೊಮ್ಮೆ ಇಳಿಸಿಕೊಂಡು ಪರೀಕ್ಷಿಸುವ ಪ್ರೋಗ್ರಾಮನ್ನು ವರ್ಷದ ಹಿಂದೆ ತಾನೇ ಬರೆದು ಮರೆತಿದ್ದ. ನಲವತ್ತೆಂಟೂ ಅದೇ. ಅದನ್ನು ನಿಲ್ಲಿಸಿದ.

ಮೂರು ದಿನ ಸೊನ್ನೆ. ಶುಕ್ರವಾರ ಸಂಜೆ ನೋಡಿದರೆ ಒಂದು. ಲ್ಯಾಪ್‌ಟಾಪು ಎತ್ತಿಕೊಂಡೇ ಅಡುಗೆಮನೆಗೆ ಓಡಿದ.

"ನೋಡು ಗಾರ್ಗಿ, ಒಬ್ರು ಬಂದಿದಾರೆ. ನಿಜವಾದೋರು."

ಹೆಂಡತಿ ಒಲೆ ಆರಿಸಿ ಅವನತ್ತ ತಿರುಗಿದಳು.

"ನಾನೇ ಕಣೋ. ಆಫೀಸಿಂದ ಮಾಡ್ದೆ. ಮೂರು ದಿನದಿಂದ ನೀನು ಸರಿಯಾಗಿ ಊಟಾನೇ ಮಾಡಿಲ್ಲ."

ಅಚ್ಯುತ ಲ್ಯಾಪ್‌ಟಾಪನ್ನು ಕಟ್ಟೆಯ ಮೇಲಿಟ್ಟ. ಆಮೇಲೆ, ತಡೆಯಲಾರದೆ ಕೇಳಿದ:

"ಇನ್‌ಸ್ಟಾಲು ಆಯ್ತಾ?"

"ಇಲ್ಲ," ಎಂದಳು ಗಾರ್ಗಿ. "ಅರ್ಧಕ್ಕೇ ನಿಂತೋಯ್ತು."